ಮೊಂಬಾಸಾಗೆ ಹೊರಟಿದ್ದೀರಾ? ನಗುನಗುತ್ತಾ ಬರುವವರ ಮೇಲೆ ಕಣ್ಣಿಡಿ

ಪ್ರಶ್ನೆ: ನಾನು, ನನ್ನ ಹೆಂಡತಿ ಡಿಸೆಂಬರ್‌ನಲ್ಲಿ ಕೀನ್ಯಾಕ್ಕೆ ಹೋಗುತ್ತಿದ್ದೇವೆ. ಮಸಾಯಿ ಮಾರಾ ನೋಡಿಕೊಂಡು ನೈರೋಬಿಯಿಂದ ರೈಲಿನಲ್ಲಿ ಮೊಂಬಾಸಾ, ಆಮೇಲೆ ಡಿಯಾನಿ ಬೀಚ್. ಸಿಂಹದ ಬಗ್ಗೆ ಯಾರೂ ಹೆದರಿಸಲಿಲ್ಲ. ಮೊಂಬಾಸಾ ಅಂದ ಕೂಡಲೇ ಮಾತ್ರ ಎಲ್ಲರೂ ‘ಬಂದರು ಊರು, ಕಳ್ಳರು ಜಾಸ್ತಿ, ಹುಷಾರು’ ಅನ್ನುತ್ತಾರೆ. ನಿಜಕ್ಕೂ ಅಷ್ಟು ಅಪಾಯವೇ?
– ಓದುಗರು, ದಾವಣಗೆರೆ

ಉತ್ತರ: ಹುಷಾರಾಗಿರಬೇಕು, ಅದು ನಿಜ. ಆದರೆ ಹೋಟೆಲಿನ ಬಾಗಿಲು ಹಾಕಿಕೊಂಡು ಕೂರುವಷ್ಟೇನೂ ಇಲ್ಲ. ಪ್ರವಾಸಿಗರಿಗೆ ಅಲ್ಲಿ ಆಗುವ ತೊಂದರೆ ಹೆಚ್ಚಾಗಿ ಎರಡು ಥರ. ಒಂದು, ಫೋನು, ಪರ್ಸು, ಚೈನು ಕಿತ್ತುಕೊಂಡು ಓಡುವುದು. ಇನ್ನೊಂದು, ಮಾತಿನಲ್ಲೇ ಮರುಳು ಮಾಡಿ ದುಡ್ಡು ಕೀಳುವುದು. ಈ ಎರಡನೆಯದರ ಬಗ್ಗೆ ನಮ್ಮವರು ಯೋಚಿಸುವುದೇ ಇಲ್ಲ. ಗುರಾಯಿಸಿ ನೋಡುವವನನ್ನು ಕಂಡರೆ ರಸ್ತೆಯ ಆ ಕಡೆಗೆ ಹೋಗುತ್ತೇವೆ, ‘ನಮಸ್ತೆ ಇಂಡಿಯಾ’ ಅಂತ ಕೈ ಚಾಚುವವನ ಜೊತೆ ಅರ್ಧ ಗಂಟೆ ನಿಂತು ಕುಟುಂಬದ ವಿಷಯವೆಲ್ಲ ಹೇಳಿಕೊಳ್ಳುತ್ತೇವೆ!

ಫೋರ್ಟ್ ಜೀಸಸ್ ಎದುರು ಇದು ಚೆನ್ನಾಗಿ ಕಾಣುತ್ತದೆ. 1590ರ ದಶಕದಲ್ಲಿ ಪೋರ್ಚುಗೀಸರು ಕಟ್ಟಿದ ಕೋಟೆ, 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, ಹಾಗಾಗಿ ಮೊಂಬಾಸಾಗೆ ಹೋದವರೆಲ್ಲ ಅಲ್ಲಿಗೆ ಹೋಗೇ ಹೋಗುತ್ತಾರೆ. ಟಿಕೆಟ್ ತೆಗೆದುಕೊಳ್ಳುವ ಮುಂಚೆಯೇ ಒಬ್ಬ ಬರುತ್ತಾನೆ. ಕೊರಳಲ್ಲಿ ಯಾವುದೋ ಗುರುತಿನ ಚೀಟಿ. ‘ನೆನಪಾಗಲಿಲ್ವಾ ಸರ್? ನಿಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡ್ತೀನಿ, ಇವತ್ತು ರಜೆ’ ಅನ್ನುತ್ತಾನೆ. ಪಾಪ, ಮುಖ ಮರೆತುಬಿಟ್ಟೆವಲ್ಲ ಅಂತ ನಮಗೇ ಸಂಕೋಚ. ಅಲ್ಲಿಂದ ಹಳೇ ಪೇಟೆಯ ಓಣಿಗಳನ್ನೆಲ್ಲ ಸುತ್ತಿಸಿ, ‘ನಮ್ಮಣ್ಣನ ಅಂಗಡಿ’ಗೆ ಕರೆದುಕೊಂಡು ಹೋಗಿ, ಕೊನೆಗೆ ಜನ ಇಲ್ಲದ ಯಾವುದೋ ತಿರುವಿನಲ್ಲಿ ನಿಂತು ತನ್ನ ಕೂಲಿ ಹೇಳುತ್ತಾನೆ. ಆ ಹೊತ್ತಿಗೆ ನೀವು ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

‘ಹೌದಾ, ಯಾವ ಹೋಟೆಲು ಹೇಳಿ?’ ಅಂತ ಕೇಳಿ ಸಾಕು. ಹೆಸರು ನೀವಾಗೇ ಬಾಯಿ ಬಿಡಬೇಡಿ. ಗೈಡ್ ಬೇಕಿದ್ದರೆ ಹೋಟೆಲಿನವರ ಮೂಲಕವೇ ಗೊತ್ತು ಮಾಡಿಕೊಳ್ಳಿ, ಎಷ್ಟು ಹೊತ್ತು, ಎಷ್ಟು ದುಡ್ಡು ಅನ್ನುವುದು ಮೊದಲೇ ಇತ್ಯರ್ಥ ಆಗಲಿ.

ಇದರದ್ದೇ ಇನ್ನೊಂದು ರೂಪ ಇದೆ, ನೈರೋಬಿಯಲ್ಲಿ ಹಳೆಯ ಆಟ. ಒಬ್ಬ ಬಂದು ತನ್ನ ಕಷ್ಟ ಹೇಳಿಕೊಂಡು ಹೋಗುತ್ತಾನೆ. ಅವನು ಹೋದ ಮೇಲೆ ಮಫ್ತಿಯಲ್ಲಿ ಇಬ್ಬರು ‘ಪೊಲೀಸರು’ ಬಂದು, ನೀವು ಮಾತಾಡಿದ್ದು ಪೊಲೀಸರು ಹುಡುಕುತ್ತಿರುವ ಆಸಾಮಿಯ ಜೊತೆ, ದಂಡ ಕಟ್ಟಿ ಅನ್ನುತ್ತಾರೆ. ದುಡ್ಡನ್ನೂ ಕೊಡಬೇಡಿ, ಅವರ ಕಾರನ್ನೂ ಹತ್ತಬೇಡಿ. ‘ಠಾಣೆಗೆ ನಡೆದೇ ಹೋಗೋಣ’ ಅಂತ ಜೋರಾಗಿ ಹೇಳಿ, ಹತ್ತಿರದ ಬ್ಯಾಂಕಿಗೋ ಅಂಗಡಿಗೋ ನುಗ್ಗಿ.

ಇನ್ನು ದಕ್ಷಿಣ ತೀರದಲ್ಲಿರುವ ಡಿಯಾನಿಗೆ ಹೋಗುವ ದಾರಿ. ಮೊಂಬಾಸಾದ ಹಳೆಯ ಭಾಗ ಒಂದು ದ್ವೀಪ. ಉತ್ತರಕ್ಕೆ ನ್ಯಾಲಿ ಸೇತುವೆ ಇದೆ, ದಕ್ಷಿಣಕ್ಕೆ ಲಿಕೋನಿ ಫೆರ್ರಿ. ನಡೆದು ಬರುವವರಿಗೆ ಫೆರ್ರಿ ಫ್ರೀ, ಹಾಗಾಗಿ ಬೆಳಿಗ್ಗೆ, ಸಂಜೆ ಅಲ್ಲಿ ಜನಸಾಗರ. ಗೇಟು ತೆರೆದ ಕೂಡಲೇ ಎಲ್ಲರೂ ಒಟ್ಟಿಗೆ ಇಳಿಜಾರಿನಲ್ಲಿ ಹೆಜ್ಜೆ ಹಾಕುತ್ತಾರೆ, ಜೇಬುಗಳ್ಳರಿಗೆ ಅದೇ ಹಬ್ಬ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಜೇಬಿನ ಮೇಲೆ ಕೈ ಇಟ್ಟುಕೊಳ್ಳುತ್ತೀರಲ್ಲ, ಹಾಗೇ ಇರಿ. ಬ್ಯಾಗು ಎದೆಯ ಮೇಲಿರಲಿ. ಕಾರಿನಲ್ಲಿದ್ದರೆ ಗಾಜು ಏರಿಸಿ, ಲಾಕ್ ಹಾಕಿ. ಫೆರ್ರಿಯ ಫೋಟೋ ತೆಗೆಯಬೇಡಿ, ಅಲ್ಲಿ ಬಿಡುವುದಿಲ್ಲ. ನನ್ನನ್ನು ಕೇಳಿದರೆ, ಲಗೇಜು ಹೊತ್ತುಕೊಂಡು ಆ ಗದ್ದಲಕ್ಕೆ ಹೋಗುವುದೇ ಬೇಡ. ವಿಮಾನ ನಿಲ್ದಾಣದ ಕಡೆಯಿಂದ ಡೊಂಗೊ ಕುಂಡು ಬೈಪಾಸ್ ರಸ್ತೆ ಈಗ ಓಡಾಟಕ್ಕೆ ತೆರೆದಿದೆ, ಫೆರ್ರಿ ಹತ್ತದೇ ದಕ್ಷಿಣ ತೀರಕ್ಕೆ ಹೋಗಬಹುದು. ಡ್ರೈವರಿಗೆ ಮೊದಲೇ ಹೇಳಿಬಿಡಿ.

ರೈಲಿನ ವಿಷಯ: ಹಗಲು ರೈಲನ್ನೇ ಬುಕ್ ಮಾಡಿ. ರಾತ್ರಿ ರೈಲು ಬೆಳಕು ಹರಿಯುವ ಮುಂಚೆ ತಲುಪಿಬಿಡುತ್ತದೆ. ಸ್ಟೇಷನ್ ಇರುವುದು ಮಿರಿಟಿನಿಯಲ್ಲಿ, ಊರಿನಿಂದ ಹೊರಗೆ. ನಿದ್ದೆಗಣ್ಣಿನಲ್ಲಿ ಪೆಟ್ಟಿಗೆ ಎಳೆದುಕೊಂಡು ಟ್ಯಾಕ್ಸಿಯವರ ಮಧ್ಯೆ ಸಿಕ್ಕಿಹಾಕಿಕೊಳ್ಳುವುದು ಯಾಕೆ? ಕತ್ತಲೆಯ ಲೆಕ್ಕವೂ ತಿಳಿದಿರಲಿ. ಸಮಭಾಜಕ ವೃತ್ತದ ಹತ್ತಿರದ ಊರು, ವರ್ಷವಿಡೀ ಸಂಜೆ ಆರು, ಆರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಕತ್ತಲೂ ಬೇಗ ಕವಿಯುತ್ತದೆ. ಆಮೇಲೆ ಹಳೇ ಪೇಟೆಯಲ್ಲಾಗಲಿ, ಬೀಚಿನಲ್ಲಾಗಲಿ ನಡೆದಾಟ ಬೇಡ. ಎರಡು ಹೆಜ್ಜೆ ದೂರವಾದರೂ ಗಾಡಿ ಕರೆಸಿ. ಉಬರ್, ಬೋಲ್ಟ್ ಎರಡೂ ಇವೆ. ಹಗಲಿಗೆ ಟುಕ್‌ಟುಕ್, ಅಂದರೆ ನಮ್ಮ ಆಟೋನೇ, ಬಜಾಜ್ ಅಂತಲೇ ಬರೆದಿರುತ್ತದೆ. ಮೀಟರ್ ಇಲ್ಲ, ದರ ಮಾತಾಡಿಯೇ ಹತ್ತಿ. ಕೂತ ಮೇಲೆ ಫೋನನ್ನು ಹೊರಗಡೆಯ ಕೈಯಲ್ಲಿ ಹಿಡಿಯಬೇಡಿ, ಬೈಕಿನಲ್ಲಿ ಬಂದವರು ಎಗರಿಸಿಬಿಡುತ್ತಾರೆ.

ನಿಮ್ಮ ಮನೆಯವರಿಗೆ ಒಂದು ಮಾತು. ಮಾಂಗಲ್ಯ ಸರ, ಬಳೆ, ದೊಡ್ಡ ಓಲೆ ಎಲ್ಲ ಊರಲ್ಲೇ ಇರಲಿ. ಭಾರತೀಯರು ಅಂದರೆ ಮೈಮೇಲೆ ಚಿನ್ನ, ಜೇಬಲ್ಲಿ ಕ್ಯಾಶ್ ಅನ್ನುವ ಲೆಕ್ಕ ಎಲ್ಲಾ ಕಡೆಯ ಕಳ್ಳರಿಗೂ ಗೊತ್ತು. ಬರೀ ಕರಿಮಣಿ ಹಾಕಿಕೊಂಡರೆ ಶಾಸ್ತ್ರಕ್ಕೂ ಆಯಿತು, ಕುತ್ತಿಗೆಗೂ ಕ್ಷೇಮ. ಕ್ಯಾಶ್ ಕಡಿಮೆ ಮಾಡಲು ಸಫಾರಿಕಾಂ ಸಿಮ್ ತಗೊಂಡು ಪಾಸ್‌ಪೋರ್ಟ್ ತೋರಿಸಿ ಎಂ-ಪೆಸಾ (ಫೋನಿನಲ್ಲೇ ದುಡ್ಡು ಕೊಡುವ ವ್ಯವಸ್ಥೆ) ಮಾಡಿಸಿಕೊಳ್ಳಿ, ಸಣ್ಣಪುಟ್ಟ ಅಂಗಡಿಯಲ್ಲೂ ನಡೆಯುತ್ತದೆ. ತುರ್ತಿಗೆ 999 ಅಥವಾ 112.

ಕಳ್ಳರಿಗಿಂತ ನನಗೆ ಜಾಸ್ತಿ ಚಿಂತೆ ಸೊಳ್ಳೆಯದು. ಕರಾವಳಿಯಲ್ಲಿ ಮಲೇರಿಯಾ ಇದೆ, ಮಾತ್ರೆಯ ಬಗ್ಗೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ವಾಪಸ್ ಬಂದ ಮೇಲೆ ಜ್ವರ ಬಂದರೆ ‘ಕೀನ್ಯಾಕ್ಕೆ ಹೋಗಿದ್ದೆ’ ಅನ್ನುವುದನ್ನು ಮೊದಲು ಹೇಳಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಿ. ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಅದರ ಕಾರ್ಡ್ ಇಲ್ಲದೆ ಕೀನ್ಯಾದಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.

ಪ್ರಶ್ನೆ: ಮಗ ಸರಕು ಹಡಗಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಮೊಂಬಾಸಾದಲ್ಲಿ ಹಡಗು ನಿಂತಾಗ ಊರು ನೋಡಲು ಹೋಗಬಹುದಾ?
– ಓದುಗರು, ಕಾರವಾರ

ಉತ್ತರ: ಹೋಗಲಿ ಅಮ್ಮ, ವಾರಗಟ್ಟಲೆ ನೀರು ನೋಡಿದವನಿಗೆ ನೆಲ ಬೇಕಲ್ವಾ. ಒಬ್ಬನೇ ಬೇಡ, ಹಡಗಿನವರ ಜೊತೆ ಹೋಗಲಿ. ಶೋರ್ ಪಾಸ್, ಅಂದರೆ ಹಡಗಿನಿಂದ ಇಳಿದು ಊರಿಗೆ ಹೋಗಲು ಕೊಡುವ ಅನುಮತಿ ಚೀಟಿ, ಜೇಬಿನಲ್ಲಿರಲಿ, ಕತ್ತಲಾಗುವ ಮುಂಚೆ ಕಿಲಿಂಡಿನಿ ಬಂದರಿಗೆ ವಾಪಸ್ ಬರಲಿ. ಬಂದರಿನ ಹತ್ತಿರದ ಬಾರುಗಳಲ್ಲಿ ಯಾರೋ ತಂದುಕೊಟ್ಟ ಗ್ಲಾಸು ಮುಟ್ಟುವುದು ಬೇಡ. ಕಡಲ ಕೆಲಸದವರಿಗೆಂದೇ ಇರುವ ಮಿಷನ್ ಟು ಸೀಫೇರರ್ಸ್ ಕೇಂದ್ರ ಊರಿನಲ್ಲಿದೆ, ಮೊದಲು ಅಲ್ಲಿಗೇ ಹೋಗಲಿ. ‘ಬಂದರಿನ ಫೋಟೋ ಕಳಿಸು ಮಗನೇ’ ಅಂತ ಮಾತ್ರ ಕೇಳಬೇಡಿ. ಅಲ್ಲಿ ಕ್ಯಾಮೆರಾ ಎತ್ತಿದರೆ ಕಾವಲಿನವರ ಜೊತೆ ಜಗಳ ಗ್ಯಾರಂಟಿ.