ಕಾರ್ಡ್ ಇದ್ದರೂ ಮನೆಯವರ ಸಹಿ ಬೇಕಾ?

"ಅಂಗದಾನಕ್ಕೆ ಹೆಸರು ಕೊಟ್ಟೀನಿ. ಹೆಂಡತಿ ಒಪ್ಯಾಳ, ಅಣ್ಣ ಒಪ್ಪವಲ್ಲ. ಕಾರ್ಡ್ ಸಾಕಲ್ಲ?" ಅಂತ ಸಿಂಧನೂರಿನಿಂದ ಕೇಳಿದ್ದೀರಿ. ಸಾಕಾಗಲ್ಲ ಸರ್. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ನಿಮ್ಮ ಲಿಖಿತ ಒಪ್ಪಿಗೆಗೆ ಬೆಲೆ ಇದೆ. ಅದು ಫಾರಂ 7, ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಹತ್ತಿರದ ಸಂಬಂಧಿ ಆಗಿರಬೇಕು. ಆದರೆ ಆಸ್ಪತ್ರೆಯಲ್ಲಿ ಮನೆಯವರಿಂದ ಫಾರಂ 8 ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ಅವರು ಬೇಡವೆಂದರೆ ವೈದ್ಯರು ಮುಂದುವರಿಯುವುದಿಲ್ಲ. ಹೆಂಡತಿ ಸಹಿ ಹಾಕಬಹುದು, ಆದರೆ ಐಸಿಯು ಬಾಗಿಲಲ್ಲಿ ಅಣ್ಣ ಜಗಳ ತೆಗೆದರೆ ಆಕೆ ಒಬ್ಬಳೇ ನಿಲ್ಲುವುದು ಕಷ್ಟ.

ಎಡವುವುದು ಹೆಚ್ಚಾಗಿ ಒಂದೇ ಕಡೆ. ವೆಂಟಿಲೇಟರ್ ಮೇಲೆ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. "ಜೀವ ಐತಿ, ಯಾಕ ಕೊಯ್ತೀರಿ?" ಅನ್ನುತ್ತಾರೆ ಹಿರಿಯರು. ಅಣ್ಣನಿಗೆ ಇದನ್ನು ಈಗಲೇ ಬಿಡಿಸಿ ಹೇಳಿ: ಮಿದುಳುಕಾಂಡ (ಉಸಿರಾಟ ನಡೆಸುವ ಮಿದುಳಿನ ಬುಡದ ಭಾಗ) ಸತ್ತಿರುವುದನ್ನು ನಾಲ್ವರು ವೈದ್ಯರು ಎರಡು ಸಲ, ಕನಿಷ್ಠ 6 ಗಂಟೆ ಅಂತರದಲ್ಲಿ ಪರೀಕ್ಷಿಸಿ ದೃಢಪಡಿಸಬೇಕು. ಯಂತ್ರದ ನೆರವಿಲ್ಲದೆ ಉಸಿರು ಬರುತ್ತದೆಯೇ ಎಂದೂ ನೋಡುತ್ತಾರೆ. ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರುವಂತಿಲ್ಲ.

ಖರ್ಚಿನ ಭಯವೂ ಇರುತ್ತದೆ. ಒಪ್ಪಿಗೆಯ ನಂತರ ಅಂಗ ಕಾಪಾಡುವ, ತೆಗೆಯುವ ಖರ್ಚು ದಾನಿಯ ಕುಟುಂಬದ ಮೇಲೆ ಬೀಳಬಾರದೆಂದು 2014ರ ನಿಯಮವೇ ಇದೆ. ಅಪಘಾತದ ಕೇಸಾದರೆ ಪೊಲೀಸ್ ಮತ್ತು ಪೋಸ್ಟ್‌ಮಾರ್ಟಂ ಅನುಮತಿಯೂ ಬೇಕು. ರಾಜ್ಯದಲ್ಲಿ ಅಂಗಗಳ ಹಂಚಿಕೆ ನೋಡಿಕೊಳ್ಳುವುದು 'ಜೀವಸಾರ್ಥಕತೆ' ಎಂಬ ಸರ್ಕಾರಿ ಸಂಸ್ಥೆ.

ಮನೆಯಲ್ಲೇ ತೀರಿಕೊಂಡರೆ ಕಿಡ್ನಿ, ಲಿವರ್ ಆಗುವುದಿಲ್ಲ; ಕಣ್ಣು ಕೊಡಬಹುದು, 6 ಗಂಟೆಯೊಳಗೆ. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆದಿಂಬು ಹಾಕಿ ತಲೆ ಎತ್ತರಿಸಿ. ಕಣ್ಣಿನ ಬ್ಯಾಂಕ್‌ಗೆ ಮೊದಲು ಫೋನ್, ಆಮೇಲೆ ಬಂಧುಗಳಿಗೆ.