ಅಟ್ಟದಲ್ಲಿ ಸಿಕ್ಕ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹಳೇ ಮನೆ ಕಂಪ್ಯೂಟರ್‌ಗೆ ದಾವಣಗೆರೆಯಲ್ಲಿ ಕೊಂಡ 9 ವೋಲ್ಟ್ ಅಡಾಪ್ಟರ್ ಹಾಕಿದೆ. ಈಗ ಪರದೆ ತುಂಬ ಬರೀ ಪಟ್ಟಿಗಳು. ಯಾಕೆ?

ಹೆಚ್ಚಾಗಿ ಮೆಮೊರಿ ಚಿಪ್‌ಗಳಿಗೆ ಬೇಕಾದ ಮೈನಸ್ 5 ವೋಲ್ಟ್ ನಿಂತುಹೋಗಿದೆ. 1982ರ ಈ ಯಂತ್ರದ ಅಡಾಪ್ಟರ್ ಪಿನ್ನಿನ ನಡುಭಾಗ ಮೈನಸ್. ಈಗ ಅಂಗಡಿಯಲ್ಲಿ ಸಿಗುವವು ಬಹುತೇಕ ಉಲ್ಟಾ, ನಡುವೆ ಪ್ಲಸ್. ವೋಲ್ಟೇಜ್ ಒಂದೇ ಅಂತ ಚುಚ್ಚಿದರೆ ಟಿಆರ್4 ಎಂಬ ಪುಟ್ಟ ಟ್ರಾನ್ಸಿಸ್ಟರ್ ಸುಡುತ್ತದೆ.

ಅದರ ಕೆಲಸವೇ 9 ವೋಲ್ಟಿನಿಂದ ಪ್ಲಸ್ 12 ಮತ್ತು ಮೈನಸ್ 5 ತಯಾರಿಸಲು ನೆರವಾಗುವುದು. ಒಳಗಿರುವ ಎಂಟು 4116 ಮೆಮೊರಿ ಚಿಪ್‌ಗಳಿಗೆ ಇವೆರಡೂ ಬೇಕು, ಜೊತೆಗೆ ಪ್ಲಸ್ 5. ಮೈನಸ್ 5 ಚಿಪ್ಪಿನ ಸಿಲಿಕಾನ್ ತಳಕ್ಕೆ ಹೋಗಿ, ಗದ್ದೆಯ ಬದುವಿನಂತೆ, ಕರೆಂಟ್ ಅಡ್ಡದಾರಿ ಹಿಡಿಯದಂತೆ ತಡೆಯುತ್ತದೆ. ಅದೊಂದು ಇಲ್ಲದೆ ಉಳಿದೆರಡು ಬಂದರೆ ಚಿಪ್ ಕಾದು ಸಾಯುತ್ತದೆ. ಮುಟ್ಟಿದರೆ ಬೆರಳು ಚುರ್ ಅನ್ನುವಷ್ಟು ಬಿಸಿಯಾದದ್ದು ಕೆಟ್ಟಿರುವುದೇ ಹೆಚ್ಚು.

ಮಲ್ಟಿಮೀಟರಿನ ಕಪ್ಪು ತುದಿಯನ್ನು 4116ರ 16ನೇ ಕಾಲಿಗೆ ಹಿಡಿದು ಅಳೆಯಿರಿ: 1ನೇ ಕಾಲಲ್ಲಿ ಮೈನಸ್ 5, 8ರಲ್ಲಿ ಪ್ಲಸ್ 12, 9ರಲ್ಲಿ ಪ್ಲಸ್ 5 ಬರಬೇಕು. ಬರದಿದ್ದರೆ ತಕ್ಷಣ ಆಫ್ ಮಾಡಿ. ಟಿಆರ್4 ಒಂದನ್ನೇ ಬದಲಿಸಿ ಬೀಗಬೇಡಿ. ಶಾರ್ಟ್ ಆದ ಚಿಪ್ ಹಾಗೇ ಉಳಿದಿದ್ದರೆ ಹೊಸದನ್ನೂ ತಿಂದುಹಾಕುತ್ತದೆ. ಮೊದಲು ಕೆಟ್ಟ ಚಿಪ್ ತೆಗೆಯಿರಿ, ಆಮೇಲೆ ಟ್ರಾನ್ಸಿಸ್ಟರ್, ಮೂರೂ ವೋಲ್ಟೇಜ್ ಸರಿ ಕಂಡ ನಂತರವೇ ಹೊಸ ಚಿಪ್. ಸಾಕೆಟ್ ಹಾಕಿಬಿಡಿ, ಮುಂದಿನ ಸಲ ಬೆಸುಗೆ ಬಿಡಿಸುವ ಗೋಳು ತಪ್ಪುತ್ತದೆ. ನಡುವೆ ಮೈನಸ್ ಇರುವ ಅಡಾಪ್ಟರ್ ಸಿಗದಿದ್ದರೆ ಇರುವುದರದ್ದೇ ವೈರ್ ಕತ್ತರಿಸಿ ಅದಲುಬದಲು ಮಾಡಬಹುದು, 1.4 ಆಂಪಿಯರ್ ಕೊಡುವಂಥದ್ದಾಗಿರಲಿ.