ಸಕ್ಕರ್ ಮೀನು ಊಟ ಬಿಟ್ಟಿದೆ, ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಇದೆ. ಅದರಲ್ಲಿ 4 ಗೋಲ್ಡ್ ಫಿಶ್, ಒಂದು ಸಕ್ಕರ್ ಕ್ಯಾಟ್‌ಫಿಶ್. ಸಕ್ಕರ್ ಬಂದು ಒಂದು ವರ್ಷವಾಯಿತು, ಈಗ ಸುಮಾರು 6 ಇಂಚು ಇದೆ. ಗೌರಿ ಹಬ್ಬಕ್ಕೆ ಮನೆಯೆಲ್ಲ ತೊಳೆಯುವಾಗ ಟ್ಯಾಂಕನ್ನೂ ಪೂರ್ತಿ ಖಾಲಿ ಮಾಡಿ, ಮರಳು, ಫಿಲ್ಟರ್ ಸ್ಪಾಂಜ್ ಎಲ್ಲ ನಲ್ಲಿ ಕೆಳಗೆ ಚೆನ್ನಾಗಿ ತೊಳೆದು ಹೊಸ ನೀರು ತುಂಬಿಸಿದೆ. 5 ದಿನದಿಂದ ಸಕ್ಕರ್ ಏನೂ ತಿನ್ನುತ್ತಿಲ್ಲ. ಫಿಲ್ಟರ್ ನೀರು ಬೀಳುವ ಕಡೆಯೇ ಅಂಟಿಕೊಂಡಿರುತ್ತದೆ, ಆಗಾಗ ಮೇಲೆ ಹೋಗಿ ಗಾಳಿ ಗುಟುಕರಿಸುತ್ತದೆ. ಅಂಗಡಿಯವರು ನೀಲಿ ಔಷಧಿ ಕೊಟ್ಟರು, ದಿನಾ 10 ಹನಿ ಹಾಕುತ್ತಿದ್ದೇನೆ. ತಳದ ಮೀನಿಗೆ ಹಾಕುವ ಆಹಾರದ ಬಿಲ್ಲೆ, ಅಂದರೆ ವೇಫರ್ ಕೂಡ ಜಾಸ್ತಿ ಹಾಕಿ ನೋಡಿದೆ. ಮಗ ಅಳುತ್ತಾನೆ.
— ಓದುಗರು, ದಾವಣಗೆರೆ

ಉತ್ತರ: ಮೇಡಂ, ಮೊದಲು ಆ ನೀಲಿ ಔಷಧಿ ನಿಲ್ಲಿಸಿ. ಆಮೇಲೆ ತಳದಲ್ಲಿ ಕೊಳೆಯುತ್ತಿರುವ ವೇಫರ್ ಪೂರ್ತಿ ತೆಗೆಯಿರಿ. ಉಳಿದದ್ದು ನಿಧಾನವಾಗಿ ಓದಿ.

ನಿಮ್ಮ ಮೀನಿಗಿಂತ ಮೊದಲು ನಿಮ್ಮ ನೀರಿಗೆ ಕಾಯಿಲೆ ಬಂದಿದೆ. ಮೀನಿನ ಉಚ್ಚೆ, ಹೇಲು, ಉಳಿದ ಆಹಾರ ಇದೆಲ್ಲದರಿಂದ ನೀರಲ್ಲಿ ಅಮೋನಿಯಾ ಹುಟ್ಟುತ್ತದೆ. ಸ್ಪಾಂಜ್‌ನಲ್ಲಿ, ಮರಳಲ್ಲಿ ಇರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ತೊಂದರೆ ಕೊಡದ ನೈಟ್ರೇಟ್ ಮಾಡುತ್ತವೆ. ನೀವು ಕೊಳೆ ಅಂತ ತೊಳೆದಿದ್ದು ಈ ಕೆಲಸಗಾರರನ್ನೇ. ನಲ್ಲಿ ನೀರಿನ ಕ್ಲೋರಿನ್ ಬಹಳಷ್ಟನ್ನು ಕೊಂದಿರುತ್ತದೆ, ಉಳಿದವಕ್ಕೆ ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಹೊಡೆತ ಕೊಟ್ಟಿರುತ್ತದೆ. ನಾನೂ ಒಂದು ಸಲ ಹೀಗೇ ಉಜ್ಜಿ ಉಜ್ಜಿ ತೊಳೆದು, ಟ್ಯಾಂಕ್ ಕನ್ನಡಿ ಥರ ಹೊಳೀತಿದೆ ಅಂತ ಖುಷಿಪಟ್ಟು, ವಾರದೊಳಗೆ ಎರಡು ಮೀನು ಕಳಕೊಂಡವನೇ, ಹಾಗಾಗಿ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ.

ಅಮೋನಿಯಾ, ನೈಟ್ರೈಟ್ ಅಳೆಯುವ ಹನಿ ಕಿಟ್ ತಂದು ನೋಡಿ. ಎರಡೂ 0 ಇರಬೇಕು. ಕಿಟ್ ಸಿಗುವ ತನಕ ಸುಮ್ನೆ ಕಾಯಬೇಡಿ. ನಿಮ್ಮ ಟ್ಯಾಂಕಲ್ಲಿ ಮರಳು ಬಿಟ್ಟು ಸುಮಾರು 50 ಲೀಟರ್ ನೀರು ಇರಬಹುದು. ದಿನಾ ಒಂದು ಬಕೆಟ್, ಅಂದರೆ 12 ಲೀಟರ್‌ನಷ್ಟು, ತೆಗೆದು ಹೊಸದು ಹಾಕಿ. ಆ ನೀರನ್ನು ಹಿಂದಿನ ದಿನವೇ ಅಗಲವಾದ ಬಕೆಟ್‌ನಲ್ಲಿ ತುಂಬಿಸಿ 24 ಗಂಟೆ ಇಡಿ, ಇಲ್ಲಾಂದ್ರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹಾಕಿ. ಬೋರ್‌ವೆಲ್ ನೀರಿಗೆ ಕ್ಲೋರಿನ್ ತಾಪತ್ರಯ ಇಲ್ಲ, ಆದರೆ ಪಿಎಚ್, ಅಂದರೆ ನೀರಿನ ಕ್ಷಾರದ ಅಳತೆ, ಜಾಸ್ತಿ ಇದ್ದರೆ ಇರುವಷ್ಟೇ ಅಮೋನಿಯಾ ಇನ್ನೂ ವಿಷವಾಗುತ್ತದೆ, ಒಮ್ಮೆಲೇ ಬದಲಾಯಿಸಬೇಡಿ. ಗಾಳಿ ಪಂಪ್ ರಾತ್ರಿಯೂ ನಡೆಯಲಿ. ಬ್ಯಾಕ್ಟೀರಿಯಾ ಮತ್ತೆ ಬೆಳೆಯಲು 4ರಿಂದ 6 ವಾರ ಬೇಕು. ಪರಿಚಯದವರ ಆರೋಗ್ಯವಾಗಿರುವ ಟ್ಯಾಂಕ್‌ನಿಂದ ಹಳೇ ಸ್ಪಾಂಜ್ ತುಂಡು ಸಿಕ್ಕರೆ ನಿಮ್ಮ ಫಿಲ್ಟರ್‌ಗೆ ಸೇರಿಸಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಉಪ್ಪು ಹಾಕಲಾ ಅಂತ ಕೇಳುತ್ತೀರಿ, ಗೊತ್ತು. ಲೀಟರ್‌ಗೆ 1 ಗ್ರಾಂ, ಅಂದರೆ 50 ಗ್ರಾಂ ಕಲ್ಲುಪ್ಪು, ಮಗ್‌ನಲ್ಲಿ ಕರಗಿಸಿ ಎರಡು ದಿನಕ್ಕೆ ಹಂಚಿ ಹಾಕಿ. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರದಂತೆ ಅದು ತಡೆಯುತ್ತದೆ. ಅದಕ್ಕಿಂತ ಜಾಸ್ತಿ ಬೇಡ. ಕ್ಯಾಟ್‌ಫಿಶ್ ಜಾತಿಗೆ ಉಪ್ಪು, ತಾಮ್ರದ ಔಷಧಿ, ಮಲಾಕೈಟ್ ಗ್ರೀನ್ ಎಂಬ ಹಸಿರು ಔಷಧಿ ಯಾವುದೂ ಅಷ್ಟಾಗಿ ಆಗಿಬರುವುದಿಲ್ಲ. ಮೈಮೇಲೆ ಪುಡಿ ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆ ಕಂಡರೆ ಮಾತ್ರ ಅದು ಬೇರೆ ರೋಗ, ಆಗಲೂ ಔಷಧಿ ಅರ್ಧ ಡೋಸಿನಿಂದಲೇ ಶುರು ಮಾಡಬೇಕು.

ಈಗ ಊಟದ ವಿಷಯ. ಮೀನು ಗಾಜಿಗೆ ಅಂಟಿಕೊಂಡಾಗ ಹೊರಗಿನಿಂದ ಹೊಟ್ಟೆ ನೋಡಿ. ಸಪಾಟಾಗಿ ಅಥವಾ ಸ್ವಲ್ಪ ಉಬ್ಬಿದ್ದರೆ 5 ದಿನದ ಉಪವಾಸ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹೊಟ್ಟೆ ಒಳಗೆ ಗುಳಿ ಬಿದ್ದು ಕಣ್ಣೂ ಹೂತುಹೋಗಿದ್ದರೆ ಅದು 5 ದಿನದ ಕಥೆಯಲ್ಲ, ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದೆ. ಸಕ್ಕರ್ ಟ್ಯಾಂಕ್ ಕ್ಲೀನ್ ಮಾಡುತ್ತೆ, ಬೇರೆ ಮೀನಿನ ಹೇಲು ತಿಂದು ಬದುಕುತ್ತೆ ಅಂತ ಹೇಳಿ ಮಾರುತ್ತಾರಲ್ಲ, ಶುದ್ಧ ಸುಳ್ಳು. ಅದೇ ಎಲ್ಲರಿಗಿಂತ ಜಾಸ್ತಿ ಹೇಲುವುದು! ಎರಡು ದಿನ ಏನೂ ಹಾಕಬೇಡಿ. ಮೂರನೇ ದಿನ ರಾತ್ರಿ ಲೈಟ್ ಆರಿಸಿದ ಮೇಲೆ, ಸೌತೆಕಾಯಿ ಅಥವಾ ಹೀರೇಕಾಯಿಯ ಒಂದು ಬಿಲ್ಲೆಯನ್ನು ಬಿಸಿನೀರಲ್ಲಿ ಎರಡು ನಿಮಿಷ ಬಾಡಿಸಿ, ಆರಿಸಿ, ಸ್ಟೀಲ್ ಫೋರ್ಕಿಗೆ ಚುಚ್ಚಿ ತಳಕ್ಕೆ ಬಿಡಿ. ಇದು ರಾತ್ರಿ ಉಣ್ಣುವ ಮೀನು, ನೀವು ನಿಂತು ನೋಡುತ್ತಿದ್ದರೆ ಬರುವುದಿಲ್ಲ. ಬೆಳಿಗ್ಗೆ ತಿರುಳು ಕೆರೆದಿದ್ದರೆ ಗೆದ್ದಿರಿ. ತಿನ್ನದಿದ್ದರೂ ಬಿಲ್ಲೆ ತೆಗೆದುಬಿಡಿ.

ಒಂದು ಮಾತು. ಹುಷಾರಾದರೆ ಅದು ಒಂದು ಅಡಿ ದಾಟಿ ಬೆಳೆಯುತ್ತದೆ. 2 ಅಡಿ ಟ್ಯಾಂಕಲ್ಲಿ ತಿರುಗಲೂ ಜಾಗ ಇರುವುದಿಲ್ಲ. ಈಗಲೇ ಯೋಚಿಸಿ.

ಪ್ರಶ್ನೆ: ನಮ್ಮ ಸಕ್ಕರ್ ತುಂಬಾ ದೊಡ್ಡದಾಗಿದೆ. ತುಂಗಾ ನದಿಗೆ ಬಿಟ್ಟರೆ ಪುಣ್ಯ ಬರುತ್ತಾ?
— ಓದುಗರು, ಶಿವಮೊಗ್ಗ

ಉತ್ತರ: ದಯವಿಟ್ಟು ಬಿಡಬೇಡಿ. ದಕ್ಷಿಣ ಅಮೆರಿಕದ ಮೀನು ಇದು. ಮೈಮೇಲೆ ಮೂಳೆಯ ಕವಚ, ತಿನ್ನುವವರೇ ಕಡಿಮೆ. ದಡದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ಆಂಧ್ರ, ತಮಿಳುನಾಡು, ಕೇರಳದ ನೀರಲ್ಲಿ ಈಗಾಗಲೇ ಹರಡಿ ಮೀನುಗಾರರ ಬಲೆ ಹರಿಯುತ್ತಿದೆ. ಅಂಗಡಿಯವರು ವಾಪಸ್ ತಗೊಳ್ತಾರಾ ಕೇಳಿ, ಇಲ್ಲವೇ ಮನೆಯಲ್ಲಿ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ. ಒಯ್ಯುವಾಗ ಮುಚ್ಚಳದ ಬಕೆಟ್‌ನಲ್ಲಿ ಒಯ್ಯಿರಿ. ಪಕ್ಕದ ರೆಕ್ಕೆಯ ಮುಳ್ಳು ಪ್ಲಾಸ್ಟಿಕ್ ಕವರನ್ನು ಬಸ್ಸಿನಲ್ಲೇ ತೂತು ಮಾಡುತ್ತೆ.